ಮೂಲೆಯ ಸಂಡಿಗೆ

ಹಾರನಹಳ್ಳಿ
14-4-1998

ಪ್ರೀತಿಯ ಕರುಣಕ್ಕನಿಗೆ,

ಮೊದಲು ಜಗಳ, ಆಮೇಲೆ ಕ್ಷೇಮ ಸಮಾಚಾರ. ನೀವು ಹೆಗ್ಗಡದೇವನಕೋಟೆಗೆ ವರ್ಗವಾಗಿ ಹೋಗಿ ಇಷ್ಟು ದಿನವಾದರೂ ಒಂದೇ ಒಂದು ಕಾಗದ ಬರೆದಿದ್ದೀರಿ. ಅದರಲ್ಲೂ ಅರ್ಧ ನನ್ನ ಮಗಳು ರಮ್ಯಾಳಿಗೆ ಯಾವ ಟಾನಿಕ್ ಕುಡಿಸಬೇಕು ಅನ್ನುವುದೇ ಇದೆ. ನರ್ಸಮ್ಮನ ಬುದ್ಧಿ ಎಲ್ಲಿಗೆ ಹೋದೀತು. ನೀವು ಎರಡು ವರ್ಷ ಬಾಡಿಗೆಗಿದ್ದ ನಮ್ಮ ಹೊರಕೋಣೆಯಲ್ಲಿ ಈಗ ಗೊಬ್ಬರದ ಮೂಟೆಗಳು ವಾಸವಾಗಿವೆ. ಆ ಬಾಗಿಲು ದಾಟುವಾಗಲೆಲ್ಲ ಯೂರಿಯಾ ವಾಸನೆ ಬಂದು ನನಗೆ ನಿಮ್ಮ ಮೇಲೆ ಸಿಟ್ಟು ಬರುತ್ತದೆ.

ನಿಮ್ಮ ಕಾಗದವನ್ನು ಅತ್ತೆಗೆ ಓದಿ ಹೇಳಿದೆ. ಟಾನಿಕ್ ಓದಿದೆ, ಮಂಡಿ ನೋವಿನ ಎಣ್ಣೆ ಓದಿದೆ, ಪ್ರಾರ್ಥನೆಯ ಭಾಗ ಬಂದಾಗ ಹಾರಿಸಿಬಿಟ್ಟೆ. ಬೀರಮ್ಮನವರಿಗೆ ಅಕ್ಷರ ಬಾರದಿದ್ದರೂ ಕಣ್ಣು ಚುರುಕು. "ಅಷ್ಟುದ್ದದ ಕಾಗ್ದದಲ್ಲಿ ಇಷ್ಟೇನಾ ಬರ್ದಿರೋದು ನರ್ಸಮ್ಮ?" ಅಂದರು. "ಅಕ್ಷರ ದಪ್ಪ ಅತ್ತೆ" ಅಂದೆ. ನಂಬಿದರೋ ಇಲ್ಲವೋ, ಎಲೆಗೆ ಸುಣ್ಣ ಹಚ್ಚತೊಡಗಿದರು.

ನೀವು ಹೋದ ಮೇಲೆ ನಿಮ್ಮ ಒಂದು ಚಾಳಿ ಇಲ್ಲೇ ಉಳಿದುಕೊಂಡಿದೆ. ನೀರು ಕುಡಿಯುವ ಮೊದಲು ನೀವು ಕಣ್ಣು ಮುಚ್ಚುತ್ತಿದ್ದುದನ್ನು ನೋಡಿ, ಏನೋ ಕಹಿ ಮಾತ್ರೆ ನುಂಗುತ್ತಿದ್ದೀರಿ ಅಂತ ನಾನು ಮೊದಮೊದಲು ಅಂದುಕೊಂಡಿದ್ದೆ. ಕೇಳಿದಾಗ "ಕೊಟ್ಟವನಿಗೆ ಸ್ತೋತ್ರ ಹೇಳ್ತೀನಿ ಕಣೆ" ಅಂದಿರಿ. ದೇವರ ಮುಂದೆ ನಿಂತರೆ ನನಗೆ ಬೇಡಿಕೊಳ್ಳುವುದೊಂದೇ ಗೊತ್ತಿತ್ತು. ಏನನ್ನೂ ಕೇಳದೆ, ನನಗೆ ಖುಷಿಯಾಯಿತು ಸ್ವಾಮಿ ಅಂತ ಹೇಳಿ ಬರುವುದು ಗೊತ್ತಿರಲಿಲ್ಲ. ಈಗ ಅದೇ ಕೆಲಸ. ಬೆಳಿಗ್ಗೆ ಹೊಗೆಸೊಪ್ಪಿನ ಸಸಿಗಳಿಗೆ ತೂತಿನ ಡಬ್ಬದಲ್ಲಿ ನೀರು ಚಿಮುಕಿಸುವಾಗ, ಒಣಗಿದ ಹುಲ್ಲಿನ ಹೊದಿಕೆಯಿಂದ ಮಣ್ಣಿನ ವಾಸನೆ ಏಳುತ್ತದಲ್ಲ, ಅದಕ್ಕೊಂದು ಸ್ತೋತ್ರ. ಹೊಂಗೆಯ ನೆರಳಿಗೊಂದು. ನಮ್ಮವರು ಚಲುವರಾಜು ಮಧ್ಯಾಹ್ನ ಮಜ್ಜಿಗೆ ಕುಡಿದು ಮೀಸೆ ಒರೆಸಿಕೊಳ್ಳುತ್ತಾರಲ್ಲ, ಅದಕ್ಕೂ ಒಂದು. ಯೇಸಪ್ಪನಿಗೆ ನನ್ನಿಂದ ಬಿಡುವೇ ಇಲ್ಲ.

ಈಗ ಗುಟ್ಟಿನ ವಿಷಯ. ಮೊನ್ನೆ ತಾರಸಿ ಮೇಲೆ ಅಕ್ಕಿ ಸಂಡಿಗೆ ಇಟ್ಟೆವು. ಹೊಗೆಸೊಪ್ಪಿನ ದುಡ್ಡಲ್ಲಿ ತಾರಸಿ ಹಾಕಿಸಿದ ಮೇಲೆ ಬೀದಿಯ ಹೆಂಗಸರೆಲ್ಲ ತಮ್ಮ ಸಂಡಿಗೆಗೂ ಇಲ್ಲಿಗೇ ಬರುತ್ತಾರೆ, ನಿಮಗೆ ಗೊತ್ತಲ್ಲ. ಹಿಟ್ಟು ಬಿಸಿಯಿರುವಾಗಲೇ ಚಕ್ಕುಲಿ ಒರಳಿನಲ್ಲಿ ಗೆರೆಗೆರೆಯಾಗಿ ಒತ್ತುತ್ತಾ ಹೋದೆ. ಹಾಸಿದ್ದ ಸೀರೆಯ ಮೂಲೆಗೆ ಬಂದಾಗ ಮನಸ್ಸು ಉಕ್ಕಿ ಬಂತು. ಒಂದು ಗೆರೆ ಉದ್ದಕ್ಕೆ ಒತ್ತಿದೆ, ಅದರ ಮೇಲೆ ಒಂದು ಅಡ್ಡಕ್ಕೆ. ಶಿಲುಬೆಯಾಯಿತು. ಯಾರಾದರೂ ನೋಡಿದರೆ ಸೊಟ್ಟ ಸಂಡಿಗೆ ಅನ್ನುತ್ತಾರೆ, ಅಷ್ಟೇ. ಅತ್ತೆ ಕೋಲು ಹಿಡಿದುಕೊಂಡು ಕಾಗೆ ಕಾಯುತ್ತಾ ಆ ಮೂಲೆಯಲ್ಲೇ ಕೂತಿದ್ದರು. ನನಗೆ ಒಳಗೊಳಗೇ ನಗು. ಬಿಸಿಲಿಗೆ ಅದು ಗರಿಗರಿಯಾಗಿ ಒಣಗುವುದನ್ನು ನೋಡಿ ನನಗೆ ಎಷ್ಟು ಸಂತೋಷವಾಯಿತು ಅಂದರೆ, ಮದುವೆಯ ದಿನವೂ ಅಷ್ಟು ಆಗಿರಲಿಲ್ಲ.

ಇದನ್ನು ಯಾರಿಗೂ ಹೇಳಬೇಡಿ ಅಕ್ಕ. ಹೆದರಿಕೆಯಿಂದ ಹೇಳುತ್ತಿಲ್ಲ, ಸ್ವಲ್ಪ ಹೆದರಿಕೆಯೂ ಇದೆ ಅನ್ನಿ. ನನಗೆ ಅಂತ ಇರುವುದು ಇದೊಂದೇ. ಹಂಚಿದರೆ ಮುಗಿದುಹೋಗುತ್ತದೆ ಅನಿಸುತ್ತದೆ.

ನಿಮ್ಮ ತಂಗಿ,
ಪ್ರಮೀಳಾ


ಹೆಗ್ಗಡದೇವನಕೋಟೆ
27-4-1998

ಕರ್ತನಲ್ಲಿ ಪ್ರಿಯ ತಂಗಿ ಪ್ರಮೀಳಾಳಿಗೆ,

ನಿನ್ನ ಕಾಗದ ಓದಿ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ದುಃಖಕ್ಕಲ್ಲ. ಹಳ್ಳಿ ಹಳ್ಳಿ ಅಲೆದು ಚುಚ್ಚುಮದ್ದು ಹಾಕಿ, ಹೆರಿಗೆ ಮಾಡಿಸಿ ಇಷ್ಟು ವರ್ಷ ಸೇವೆ ಮಾಡಿದ್ದೇನೆ. ನಾನು ಬಿತ್ತಿದ ಒಂದು ಕಾಳಾದರೂ ಎಲ್ಲಾದರೂ ಮೊಳೆತಿದೆಯೇ ಎಂದು ಎಷ್ಟೋ ಸಲ ಅಂದುಕೊಂಡಿದ್ದೆ. ಅದು ನಿನ್ನ ತಾರಸಿಯ ಮೇಲೆ ಮೊಳೆತಿದೆ.

ಇಲ್ಲಿ ನನಗೆ ಇನ್ನೂ ಹೊಂದಿಕೆಯಾಗಿಲ್ಲ. ಸಂಜೆಯಾದರೆ ಕಾಡಿನ ಕಡೆಯ ಬಸ್ಸುಗಳು ನಿಂತುಬಿಡುತ್ತವೆ, ಊರು ಬೇಗ ಮಲಗುತ್ತದೆ. ಇಲ್ಲಿಯ ಸಭೆಯವರು ಒಳ್ಳೆಯವರೇ. ಆದರೆ ಅವರಿಗೆ ನಾನು ಹೊಸ ನರ್ಸ್, ಬಿ.ಪಿ. ನೋಡುವವಳು, ಅಷ್ಟೇ. ಭಾನುವಾರ ಆರಾಧನೆ ಮುಗಿದ ಮೇಲೆ ಟೀ ಲೋಟ ತೊಳೆದು ಬರುತ್ತೇನೆ.

ಮೇ ತಿಂಗಳಲ್ಲಿ ಹುಣಸೂರಿನಲ್ಲಿ ಬೇಸಿಗೆ ಕೂಟ ಇದೆ. ಸುತ್ತಲಿನ ತಾಲ್ಲೂಕುಗಳವರೆಲ್ಲ ಬರುತ್ತಾರೆ. ಒಂದು ಸಂಜೆ ನನಗೂ ಸಾಕ್ಷಿ ಹೇಳಲು ಕರೆದಿದ್ದಾರೆ. ದೇವರು ತನ್ನ ಬದುಕಿನಲ್ಲಿ ಮಾಡಿದ್ದನ್ನು ಎದ್ದು ನಿಂತು ಎಲ್ಲರೆದುರು ಹೇಳುವುದು ನಮ್ಮಲ್ಲಿ ಪದ್ಧತಿ. ಏನು ಹೇಳಲಿ ಎಂದು ಯೋಚಿಸುತ್ತಿದ್ದೇನೆ. ನೀನೂ ಒಂದು ದಿನ ಬರಬಾರದೇ? ಹಾರನಹಳ್ಳಿಯಿಂದ ಎಷ್ಟು ದೂರ? ದೀಕ್ಷಾಸ್ನಾನದ ಬಗ್ಗೆಯೂ ನಿಧಾನವಾಗಿ ಯೋಚಿಸು, ನಾನು ಒತ್ತಾಯ ಮಾಡುವುದಿಲ್ಲ. ಆದರೆ ದೀಪ ಹಚ್ಚಿ ಯಾರೂ ಕೊಳಗದ ಕೆಳಗೆ ಇಡುವುದಿಲ್ಲ, ಅಲ್ಲವೇ?

ರಮ್ಯಾಳಿಗೆ ಮುತ್ತು. ಬೀರಮ್ಮನವರ ಮಂಡಿಗೆ ಎಣ್ಣೆ ಬಿಸಿ ಮಾಡಿ ಹಚ್ಚು.

ನಿನ್ನ ಅಕ್ಕ,
ಕರುಣಾ


ಹಾರನಹಳ್ಳಿ
9-5-1998

ಪ್ರೀತಿಯ ಕರುಣಕ್ಕನಿಗೆ,

ಭರಣಿ ಮಳೆ ಬಂತು. ಭರಣಿ ಸುರಿದರೆ ಧರಣಿಯೆಲ್ಲ ಬೆಳೆ ಅಂತ ಅತ್ತೆ ಬೆಳಿಗ್ಗೆಯಿಂದ ಹಾಡಿದ್ದೇ ಹಾಡು. ಹೊಲದ ತುಂಬ ಸಸಿ ನಾಟಿ. ಬೆನ್ನು ನನ್ನದು ಹೌದೋ ಅಲ್ಲವೋ ತಿಳಿಯದಂತಾಗಿದೆ. ಮಳೆ ನಿಂತ ಮೇಲೆ ರಮ್ಯಾ ಅಂಗಳದಲ್ಲಿ ಆಲಿಕಲ್ಲು ಹೆಕ್ಕಿ ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ಓಡಿ ಬಂದು ನನ್ನ ಬಾಯಿಗೆ ಇಟ್ಟಳು. ಸ್ತೋತ್ರ ಹೇಳಲೂ ಬಾಯಿ ತೆರೆಯಲಾಗಲಿಲ್ಲ, ಹಲ್ಲು ಜುಂ ಅಂತು. ಆದರೂ ಹೇಳಿದಂತೆಯೇ ಅಲ್ಲವೇ?

ಕೂಟಕ್ಕೆ ಬರಲಾರೆ. ದೀಕ್ಷಾಸ್ನಾನವೂ ಬೇಡ ಅಕ್ಕ. ನೀವು ಒತ್ತಾಯ ಮಾಡುವುದಿಲ್ಲ ಅಂದದ್ದನ್ನು ನಾನು ನಂಬಿದ್ದೇನೆ. ನನ್ನದು ಕೊಳಗದ ಕೆಳಗಿನ ದೀಪವೇ ಇರಲಿ. ಒಲೆಯ ಕೆಂಡವನ್ನೂ ಬೂದಿ ಮುಚ್ಚಿಯೇ ಇಡುತ್ತೇವೆ, ಬೆಳಿಗ್ಗೆಗೆ ಬೇಕು ಅಂತ. ನಾನು ಈ ಮನೆಯೊಳಗೆ ಇದ್ದುಕೊಂಡೇ ಅವನ ಜೊತೆ ಇರುತ್ತೇನೆ. ಮನೆ ಬಿಡುವುದಾಗಲಿ, ಮನೆಯವರನ್ನು ತಲೆ ತಗ್ಗಿಸುವ ಹಾಗೆ ಮಾಡುವುದಾಗಲಿ ನನ್ನಿಂದಾಗದು.

ಸಂಡಿಗೆ ಎರಡು ಡಬ್ಬ ತುಂಬಿದ್ದೇವೆ. ಒಂದು ಕೆ.ಆರ್. ನಗರಕ್ಕೆ, ನಾದಿನಿ ಮಂಗಳಗೌರಿಯ ಗಂಡನ ಮನೆಗೆ, ನಾಟಿ ಮುಗಿದ ಮೇಲೆ ಹೋಗುತ್ತದೆ. ಅದು ಪ್ರತಿ ಬೇಸಿಗೆಯ ಪದ್ಧತಿ. ಮಗಳ ಮನೆಗೆ ಸಂಡಿಗೆ ಹೋಗದಿದ್ದರೆ ಅತ್ತೆಗೆ ಆ ವರ್ಷ ಬೇಸಿಗೆ ಬಂದ ಲೆಕ್ಕವೇ ಇಲ್ಲ. ಇನ್ನೊಂದನ್ನು ಕೋಟೆಯ ಬಸ್ಸಿನ ಕಂಡಕ್ಟರ್ ಕೈಲಿ ನಿಮಗೆ ಕಳಿಸಿದ್ದೇನೆ. ಎಲ್ಲಕ್ಕಿಂತ ಮೇಲೆ ಬಾಳೆ ಪಟ್ಟೆಯಲ್ಲಿ ಸುತ್ತಿಟ್ಟಿರುವುದೇ ಆ ಮೂಲೆಯ ಸಂಡಿಗೆ. ನಾನೇ ಕರಿದು ತಿನ್ನಬೇಕು ಅಂತಿದ್ದೆ. ನಿಮ್ಮನ್ನು ಬಿಟ್ಟು ಇನ್ಯಾರಿಗೆ ಕೊಡಲಿ. ಎಣ್ಣೆ ಚೆನ್ನಾಗಿ ಕಾದ ಮೇಲೆ ಬಿಡಿ, ಅರಳುತ್ತದೆ.

ನಿಮ್ಮ ತಂಗಿ,
ಪ್ರಮೀಳಾ


ಹೆಗ್ಗಡದೇವನಕೋಟೆ
24-5-1998

ಪ್ರಿಯ ಪ್ರಮೀಳಾಳಿಗೆ,

ಸಂಡಿಗೆ ಡಬ್ಬ ತಲುಪಿತು. ಕೂಟದ ಓಡಾಟದಲ್ಲಿ ಬರೆಯುವುದು ತಡವಾಯಿತು. ಕೂಟ ತುಂಬ ಆಶೀರ್ವಾದವಾಗಿ ನಡೆಯಿತು. ದೊಡ್ಡ ಪೆಂಡಾಲು, ಕೂರಲು ಜಾಗವಿಲ್ಲದೆ ಜನ ರಸ್ತೆಯಲ್ಲೂ ನಿಂತಿದ್ದರು. ಎಷ್ಟೋ ಜನ ಅತ್ತರು. ಸಾಕ್ಷಿ ಮುಗಿದ ಮೇಲೆ ಸಭೆಯ ಹಿರಿಯರು ನನ್ನ ಕೈ ಹಿಡಿದು ಮಾತಾಡಿಸಿದರು. ನಿನ್ನನ್ನು ನೆನೆದೆ.

ಮೂಲೆಯ ಸಂಡಿಗೆಯನ್ನು ಕರಿಯಲು ಮನಸ್ಸು ಬರಲಿಲ್ಲ. ಹತ್ತಿಯಲ್ಲಿ ಸುತ್ತಿ ಚೀಲದಲ್ಲಿ ಜೋಪಾನ ಮಾಡಿದ್ದೆ. ಹುಣಸೂರಿನಿಂದ ಬರುವಾಗ ಬಸ್ಸಿನ ನೂಕಾಟದಲ್ಲಿ ಮುರಿದುಹೋಯಿತು. ಬೇಸರ ಮಾಡಿಕೊಳ್ಳಬೇಡ.

ಈ ಸಲ ಇಷ್ಟೇ. ಲಸಿಕೆ ಕೆಲಸ ತುಂಬ ಇದೆ.

ಕರುಣಾ


ಹಾರನಹಳ್ಳಿ
20-6-1998

ಕರುಣಕ್ಕನಿಗೆ,

ಬಟ್ಟೆ ಗಂಟು ಕಟ್ಟುವ ನಡುವೆ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಓದಿಕೊಳ್ಳಿ.

ಮಂಗಳಗೌರಿ ಸೋಮವಾರ ಬಂದಳು. ಕೈಯಲ್ಲಿ ನಾವು ಕಳಿಸಿದ ಸಂಡಿಗೆ ಡಬ್ಬ, ಮುಚ್ಚಳ ಕೂಡ ತೆಗೆದಿರಲಿಲ್ಲ. ನಡುಮನೆಯಲ್ಲಿ ಇಟ್ಟು, "ನಮ್ಮತ್ತೆ ಒಳಿಕ್ಕೆ ತಕ್ಕಳಲ್ಲ ಅಂದ್ರು ಕಣವ್ವ. ಶಿಲುಬೆ ಒತ್ತಿರೋ ಸಂಡಿಗೆಯಂತೆ. ಮದುವೆ ಮನೇಲಿ ಎಲ್ರ ಮುಂದೆ ಆಡ್ಕೊಂಡು ನಕ್ರು" ಅಂದಳು. ಯಾರು ಹೇಳಿದರು ಅಂದರೆ, "ಯಾರಾದ್ರೆ ಏನತ್ಗೆ, ನಿಜ ತಾನೇ?" ಅಂದಳು. ನಾನು ಸುಳ್ಳು ಹೇಳಲಿಲ್ಲ. ಹೇಳಬಹುದಿತ್ತು. ಬಾಯಿ ಬರಲಿಲ್ಲ.

ನಮ್ಮವರು ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. "ನನ್ಗೆ ಯೋಳ್ಬೌದಿತ್ತು ಕಣೆ. ಊರವರ ಬಾಯಲ್ಲಿ ಕೇಳೋ ಅಂಗೆ ಮಾಡ್ದಲ್ಲ" ಅಂದರು. ಎರಡು ದಿನ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಜಗಲಿಯಲ್ಲೇ ಮಲಗಿದರು. ಮೂರನೆಯ ದಿನ, ಸ್ವಲ್ಪ ಕಾಲ ತವರಿಗೆ ಹೋಗಿ ಇದ್ದು ಬಾ ಅಂದರು. ರಮ್ಯಾಳ ಶಾಲೆ ಶುರುವಾಗಿದೆ, ಅವಳು ಇಲ್ಲೇ ಇರುತ್ತಾಳಂತೆ. ಸ್ವಲ್ಪ ಕಾಲ ಅಂದರೆ ಎಷ್ಟು ಅಂತ ಕೇಳುವ ಧೈರ್ಯ ನನಗಾಗಲಿಲ್ಲ.

ನಿಮ್ಮನ್ನು ಬಿಟ್ಟು ನಾನು ಯಾರಿಗೂ ಹೇಳಿರಲಿಲ್ಲ. ಆ ಮೂಲೆಯಲ್ಲಿ ಕೂತಿದ್ದವರು ಒಬ್ಬರೇ, ಅತ್ತೆ. ನೋಡಿಯೂ ನೋಡದವರ ಹಾಗೆ ಕಾಗೆ ಓಡಿಸುತ್ತಾ ಕೂತು, ಆಮೇಲೆ ಮಗಳ ಕಿವಿಗೆ ಹಾಕಿದ್ದಾರೆ. ನಾನು ಅವರ ಮುಖಕ್ಕೇ ಅಂದೆ: "ಮನೆ ಮಾತು ಬೀದಿಗೆ ಹಾಕಿ ಈಗ ಸಮಾಧಾನ ಆಯ್ತಾ ಅತ್ತೆ?" ಅವರು ನನ್ನ ಮುಖವನ್ನೇ ನೋಡುತ್ತಾ ನಿಂತರು. ತಪ್ಪು ಮಾಡಿದವರಿಗೆ ಮಾತು ಎಲ್ಲಿಂದ ಬರಬೇಕು.

ನಾಳೆ ತವರು ಬಿಳಿಕೆರೆಗೆ ಹೋಗುತ್ತೇನೆ. ಅಲ್ಲಿಯ ವಿಳಾಸಕ್ಕೆ ಬರೆಯಿರಿ. ಏನು ಮಾಡಲಿ ಅಕ್ಕ? ಮಗಳನ್ನು ಬಿಟ್ಟು ಹೇಗಿರಲಿ? ಹೆಂಗಸರಲ್ಲಿ ನಾನು ನಂಬಿದ್ದು ನಿಮ್ಮೊಬ್ಬರನ್ನೇ.

ಪ್ರಮೀಳಾ


ಹೆಗ್ಗಡದೇವನಕೋಟೆ
2-7-1998

ಪ್ರಿಯ ತಂಗಿ ಪ್ರಮೀಳಾಳಿಗೆ,

ನಿನ್ನ ಕಾಗದ ನೋಡಿ ಮನಸ್ಸಿಗೆ ತುಂಬ ಭಾರವಾಯಿತು. ನಂಬಿಕೆಯಲ್ಲಿ ನಡೆಯುವವರಿಗೆ ಕಷ್ಟಗಳು ಬಂದೇ ಬರುತ್ತವೆ. ಧೈರ್ಯ ಬಿಡಬೇಡ. ಇದರಲ್ಲೂ ದೇವರ ಉದ್ದೇಶವೊಂದು ಇದ್ದೇ ಇರುತ್ತದೆ.

ಯಾರು ಹೇಳಿದರು, ಹೇಗೆ ಹೇಳಿದರು ಎಂದು ಹುಡುಕುತ್ತಾ ಹೋಗಬೇಡ. ಅದರಿಂದ ಯಾರಿಗೂ ಒಳ್ಳೆಯದಾಗದು. ನಿನ್ನ ಅತ್ತೆ ವಯಸ್ಸಾದವರು, ಅವರ ತಿಳಿವಳಿಕೆ ಅಷ್ಟೇ. ಅವರನ್ನು ಕ್ಷಮಿಸಿಬಿಡು. ಮನಸಾರೆ ಕ್ಷಮಿಸಿದ್ದೇನೆ ಎಂದು ಬಾಯಿಬಿಟ್ಟು ಹೇಳು. ಆಗ ನಿನ್ನ ಎದೆ ಹಗುರಾಗುತ್ತದೆ, ಅವರ ಮನಸ್ಸೂ ಕರಗುತ್ತದೆ. ನಾನು ದಿನವೂ ನಿನಗಾಗಿ ಮೊಣಕಾಲೂರಿ ಬೇಡುತ್ತಿದ್ದೇನೆ.

ಕರುಣಾ


ಹಾರನಹಳ್ಳಿ
30-8-1998

ಸಿಸ್ಟರ್ ಕರುಣಾ ಅವರಿಗೆ,

ನಿಮ್ಮನ್ನು ಅಕ್ಕ ಅಂತ ಕರೆಯಲು ಈ ಹೊತ್ತು ಪೆನ್ನು ಏಳುತ್ತಿಲ್ಲ.

ನೀವು ಹೇಳಿದ ಹಾಗೆಯೇ ಮಾಡಿದೆ. ಬಿಳಿಕೆರೆಯಲ್ಲಿ ತವರಿನ ಜಗಲಿಯ ಮೇಲೆ ದಿನ ದೂಡುತ್ತಿದ್ದಾಗ ಒಂದು ಮಧ್ಯಾಹ್ನ ಹುಣಸೂರಿನ ಬಸ್ಸಿನಿಂದ ಅತ್ತೆ ಇಳಿದರು. ಆ ಹೆಂಗಸು ಯಾವತ್ತೂ ಒಬ್ಬರೇ ಬಸ್ಸು ಹತ್ತಿದವರಲ್ಲ. ಮಂಡಿ ಹಿಡಿದುಕೊಂಡು, ಊರ ಹೆಸರು ಕೇಳಿಕೊಂಡು ಬಂದಿದ್ದರು. ನೀರು ಕೊಟ್ಟೆ. ಎದುರಿಗೆ ಕೂತು, ನಿಮ್ಮ ಕಾಗದವನ್ನು ನೆನೆಸಿಕೊಂಡು, ದೊಡ್ಡ ಮನಸ್ಸು ಮಾಡಿ ಹೇಳಿದೆ: "ಅತ್ತೆ, ನಾನು ನಿಮ್ಮನ್ನ ಕ್ಷಮಿಸಿದ್ದೀನಿ."

ಅವರು ಲೋಟ ಕೆಳಗಿಟ್ಟರು. "ಯಾಕವ್ವ? ನಾನೇನ್ ಮಾಡ್ದೆ?" ಅಂದರು.

ಆಮೇಲೆ ಅವರೇ ಹೇಳಿದರು, ಹೇಳಿದ ಹಾಗೇ ಬರೆಯುತ್ತೇನೆ. ನೀವು ಕೇಳಿಸಿಕೊಳ್ಳಬೇಕು.

"ನೀನು ನೀರು ಕುಡಿಯೋವಾಗ ಕಣ್ಮುಚ್ಚೋದು ನಂಗೆ ಕಾಣ್ಸಲ್ವಾ? ನರ್ಸಮ್ಮ ಇದ್ದಾಗ್ಲಿಂದ ನೋಡ್ತಿವ್ನಿ. ಆ ಸಂಡಿಗೆನೂ ನೋಡ್ದೆ. ಕಾಗೆ ಬಂದು ಅದ್ನೇ ಎಗರಿಸ್ಕೊಂಡು ಓಗಕ್ಕೆ ನೋಡ್ತು, ನಾನೇ ಅಲ್ವಾ ಓಡಿಸ್ದೋಳು? ಮೂಗಿ ಅಂಗೆ ಇದ್ದ ಸೊಸೆ ಎರಡ್ವರ್ಸದಿಂದ ನಗ್ತಾ ಓಡಾಡ್ತಾವ್ಳೆ. ಯಾವ ದೇವ್ರಾದ್ರೇನು, ನಗಿಸ್ದೋನು ನಗಿಸ್ಲಿ ಅಂತ ಸುಮ್ಕಿದ್ದೆ ಕಣವ್ವ. ಮಗಂಗೂ ಯೋಳ್ಲಿಲ್ಲ, ಮಗ್ಳಿಗೂ ಯೋಳ್ಲಿಲ್ಲ."

ಹಾಗಾದರೆ ಯಾರು ಅಂತ ಕೇಳಿದೆ. ಅವರು ಅದನ್ನೂ ಪತ್ತೆ ಮಾಡಿಕೊಂಡೇ ಬಂದಿದ್ದರು. ನಮ್ಮೂರಿನ ಮೈಕ್ ಸೆಟ್ ಚಾಮಯ್ಯ ಗೊತ್ತಲ್ಲ ನಿಮಗೆ, ಅವನ ಹೆಂಡತಿಯ ಹೆರಿಗೆ ಮಾಡಿಸಿದವರು ನೀವೇ. ಹುಣಸೂರಿನ ಕೂಟಕ್ಕೆ ಮೈಕ್ ಕಟ್ಟಿದ್ದು ಅವನೇ. ನೀವು ವೇದಿಕೆಯ ಮೇಲೆ ಮಾತಾಡುವಾಗ ಅವನು ಕೆಳಗೆ ಪೆಟ್ಟಿಗೆಯ ಪಕ್ಕ ಕೂತು ದನಿ ಏರಿಸುತ್ತಿದ್ದನಂತೆ. ಪಿರಿಯಾಪಟ್ಟಣ ಸೀಮೆಯ ಒಬ್ಬ ಸೊಸೆ ಅಂದಿರಂತೆ. ಹೊಗೆಸೊಪ್ಪಿನ ದುಡ್ಡಿನ ಹೊಸ ತಾರಸಿ ಅಂದಿರಂತೆ. ಗಂಡ ಮೀಸೆ ಒರೆಸಿಕೊಳ್ಳುವುದು, ಅತ್ತೆಗೆ ಕಾಗದ ಹಾರಿಸಿ ಓದುವುದು, ಎಲ್ಲವನ್ನೂ ಹೇಳಿ ಜನರನ್ನು ನಗಿಸಿದಿರಂತೆ. ಕೊನೆಗೆ ಚೀಲದಿಂದ ನನ್ನ ಸಂಡಿಗೆ ತೆಗೆದು ಎತ್ತಿ ಹಿಡಿದಿರಂತೆ. ಆಗ ಜನ ಅತ್ತರಂತೆ. ಅದೇ ತಿಂಗಳು ಚಾಮಯ್ಯ ಕೆ.ಆರ್. ನಗರದ ಮದುವೆಗೆ ಮೈಕ್ ಕಟ್ಟಲು ಹೋದಾಗ ಊಟದ ಪಂಕ್ತಿಯಲ್ಲಿ ತಮಾಷೆಗೆ ಇದನ್ನೇ ಹೇಳಿದ. ಮಂಗಳಗೌರಿಯ ಅತ್ತೆ ಎದುರಿಗೇ ಕೂತಿದ್ದರು.

ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನ ಕಿವಿಗೆ ಬಿದ್ದದ್ದನ್ನು ಅವನು ಆಡಿದ. ಅವನು ನನಗೆ ಯಾವ ಮಾತೂ ಕೊಟ್ಟಿರಲಿಲ್ಲ.

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು ಅನ್ನುತ್ತಾರೆ. ಆದರೂ ಕೇಳಿ, ಮೈಕಿನಲ್ಲಿ ಹೇಳಿದ್ದನ್ನು ನಾನು ಹೇಗಾದರೂ ನುಂಗಿಕೊಳ್ಳುತ್ತಿದ್ದೆ. ಉಬ್ಬಿದ ಎದೆಯಲ್ಲಿ ಬಾಯಿಗೆ ಬಂತು, ಹೇಳಿಬಿಟ್ಟಳು ಅಂದುಕೊಳ್ಳುತ್ತಿದ್ದೆ. ಆದರೆ ಜುಲೈನಲ್ಲಿ ಕಾಗದ ಬರೆಯುವಾಗ ನಿಮಗೆ ಗೊತ್ತಿತ್ತು. ನಾನು ಅತ್ತೆಯನ್ನು ಬೈದೆ ಅಂತ ಬರೆದಿದ್ದೆ. ನೀವು ಮಾಡಿದ್ದನ್ನು ಆ ಮುದುಕಿಯ ತಲೆಗೆ ಕಟ್ಟಿ, ಅವರನ್ನು ಕ್ಷಮಿಸು ಅಂತ ನನಗೆ ಬುದ್ಧಿ ಹೇಳಿದಿರಿ. ದೇವರ ಹೆಸರು ಹಾಕಿ ಹೇಳಿದಿರಿ. ನಾನು ಅವರನ್ನು ಕ್ಷಮಿಸಿಯೂ ಬಿಟ್ಟೆ. ಆ ನಾಚಿಕೆ ನನ್ನ ಮೈಯಿಂದ ಇಳಿಯುತ್ತಿಲ್ಲ.

ಅತ್ತೆ ಅಲ್ಲಿಂದಲೇ ತಮ್ಮ ಮಗನಿಗೆ ಏನಂತ ಹೇಳಿ ಕಳಿಸಿದರು ಗೊತ್ತೇ? "ಅವ್ಳು ಬರ್ನಿಲ್ಲ ಅಂದ್ರೆ ನಾನೂ ಬಿಳಿಕೆರೇಲೇ ಇರ್ತೀನಿ, ನೀನೂ ನಿನ್ನ ಸೊಪ್ಪೂ ಬೆಂದ್ಕೊಳ್ಳಿ." ನಮ್ಮವರು ಬಂದು ಇಬ್ಬರನ್ನೂ ಮನೆಗೆ ಕರೆತಂದರು. ಅತ್ತೆ ಕೆ.ಆರ್. ನಗರದವರಿಗೆ, ಆ ಸಂಡಿಗೆ ಒತ್ತಿದ್ದು ನಾನೇ, ಮುದಿ ಕೈ ಅಡ್ಡ ಬಿತ್ತು ಅಂತ ಹೇಳಿ ಕಳಿಸಿದ್ದಾರೆ. ಅವರು ನಂಬಿಲ್ಲ. ಮಗಳು ಈ ಸಲ ಹಬ್ಬಕ್ಕೆ ಬರಲಿಲ್ಲ. ಅತ್ತೆ ಅದನ್ನು ನನ್ನೆದುರು ಎತ್ತಿಲ್ಲ.

ಇನ್ನು ಬರೆಯಬೇಡಿ.

ಪ್ರಮೀಳಾ ಚಲುವರಾಜು


ಹೆಗ್ಗಡದೇವನಕೋಟೆ
12-9-1998

ಪ್ರಮೀಳಾ,

ಬರೆಯಬೇಡ ಎಂದಿದ್ದೀಯ. ಒಂದೇ ಸಲ ಬರೆಯಲು ಬಿಡು. ನಿನ್ನ ಹೆಸರು ನಾನು ಹೇಳಲಿಲ್ಲ, ಊರಿನ ಹೆಸರೂ ಹೇಳಲಿಲ್ಲ. ದೇವರಿಗೆ ಮಹಿಮೆಯಾಗಲಿ ಎಂದು ಹೇಳಿದೆನೇ ಹೊರತು ನಿನಗೆ ಕೇಡಾಗಲಿ ಎಂದಲ್ಲ. ಕೆಳಗೆ ಮೈಕಿನ ಪೆಟ್ಟಿಗೆಯ ಪಕ್ಕ ಕೂತವನು ಚಾಮಯ್ಯ ಎಂದು ನನಗೆ ಹೇಗೆ ಗೊತ್ತಾಗಬೇಕು? ನಿನ್ನ ಮಾತು ಕೇಳಿ ಅಲ್ಲಿ ಎಷ್ಟು ಜನರ ಮನಸ್ಸು ಕರಗಿತು ಎಂದು ನೀನು ನೋಡಿದ್ದರೆ ಇಷ್ಟು ಕಠಿಣವಾಗಿ ಬರೆಯುತ್ತಿರಲಿಲ್ಲ. ಕ್ಷಮಿಸುವುದು ನಮ್ಮ ನಂಬಿಕೆಯ ಬೇರು, ನಿನಗೂ ಗೊತ್ತು.

ಕರುಣಾ


ಹೆಗ್ಗಡದೇವನಕೋಟೆ
20-12-1998

ಪ್ರಮೀಳಾ, ಚಲುವರಾಜು, ರಮ್ಯಾ ಮತ್ತು ಬೀರಮ್ಮನವರಿಗೆ ಕ್ರಿಸ್‌ಮಸ್ ಶುಭಾಶಯಗಳು.

ನಿಮ್ಮೆಲ್ಲರ ನೆನಪಿನಲ್ಲಿ,
ಕರುಣಾ


ಹೆಗ್ಗಡದೇವನಕೋಟೆ
4-4-1999, ಈಸ್ಟರ್ ಭಾನುವಾರ

ಪ್ರಮೀಳಾ,

ಸೆಪ್ಟೆಂಬರ್‌ನಲ್ಲಿ ನಾನು ಬರೆದ ಕಾಗದ ನಿನ್ನ ಹತ್ತಿರ ಇನ್ನೂ ಇದ್ದರೆ ಒಲೆಗೆ ಹಾಕು. ಅದರಲ್ಲಿ ಒಂದು ಸಾಲೂ ಸರಿಯಾದದ್ದಿಲ್ಲ.

ನಿಜ ಹೇಳುತ್ತೇನೆ. ಆ ಸಂಜೆ ವೇದಿಕೆ ಹತ್ತುವಾಗ ನನ್ನ ಬಳಿ ಹೇಳಲು ನನ್ನದು ಅಂತ ಏನೂ ಇರಲಿಲ್ಲ. ಎಷ್ಟು ದಿನದಿಂದ ನನ್ನ ಪ್ರಾರ್ಥನೆ ಬರೀ ಅಭ್ಯಾಸವಾಗಿತ್ತೋ ನನಗೇ ತಿಳಿಯದು. ನೀರಿಗೆ ಕಣ್ಣು ಮುಚ್ಚುತ್ತಿದ್ದೆ, ಒಳಗೆ ಖುಷಿ ಇರಲಿಲ್ಲ. ನಿನ್ನ ಕಾಗದದಲ್ಲಿ ಅದಿತ್ತು. ಅದನ್ನು ಎತ್ತಿಕೊಂಡೆ. ಜನ ಅತ್ತಾಗ, ಹಿರಿಯರು ಕೈ ಹಿಡಿದಾಗ ನನಗೆ ಹಿತವಾಯಿತು. ಟೀ ಲೋಟ ತೊಳೆಯುವವಳನ್ನು ಅವತ್ತು ಕುರ್ಚಿಯ ಮೇಲೆ ಕೂರಿಸಿದರು. ನಿನ್ನ ಜೂನ್ ಕಾಗದ ಬಂದ ಕೂಡಲೇ ಏನಾಗಿದೆ ಎಂದು ನನಗೆ ಅರ್ಥವಾಯಿತು. ನಿನ್ನ ಅಕ್ಕನಾಗಿ ಉಳಿಯಬೇಕೆಂಬ ಆಸೆಗೆ ಬೀರಮ್ಮನವರನ್ನು ಬಲಿ ಕೊಟ್ಟೆ.

ಫೆಬ್ರವರಿಯಲ್ಲಿ ಹಾರನಹಳ್ಳಿಯವರೆಗೂ ಬಂದಿದ್ದೆ. ಬಸ್ಸಿನಿಂದ ಇಳಿದೆ. ನಿಮ್ಮ ತಾರಸಿ ಕಾಣುತ್ತಿತ್ತು. ಅಲ್ಲಿಂದಲೇ ಮುಂದಿನ ಬಸ್ಸಿಗೆ ಹಿಂದಿರುಗಿದೆ.

ಕ್ಷಮಿಸು ಎಂದು ಈ ಸಲ ದೇವರನ್ನು ಅಡ್ಡ ತಂದು ಕೇಳುವುದಿಲ್ಲ. ಒಂದೇ ಒಂದು ವಿಷಯ ತಿಳಿಯಬೇಕು. ನಿನ್ನ ಖುಷಿಯನ್ನು ನಾನು ಕೊಂದುಬಿಟ್ಟೆನೇ? ನೀರು ಚಿಮುಕಿಸುವಾಗ ಈಗಲೂ ನಿನಗೆ ಹಾಗೆ ಆಗುತ್ತದೆಯೇ? ಈ ಬೇಸಿಗೆ ಸಂಡಿಗೆ ಇಟ್ಟೆಯಾ? ಅಷ್ಟು ಬರೆ. ಹೌದು ಅಥವಾ ಇಲ್ಲ, ಒಂದು ಕಾರ್ಡು ಸಾಕು.

ಕರುಣಾ


ಹಾರನಹಳ್ಳಿ
3-5-1999

ಕರುಣಾ ಅವರಿಗೆ,

ನಿಮ್ಮ ಈಸ್ಟರ್ ಕಾಗದ ಬಂತು. ಒಂದು ಕಾರ್ಡು ಸಾಕು ಅಂದಿದ್ದೀರಿ. ಮೋಸ ಹೋದವಳಿಗೆ ಒಂದು ಕಾರ್ಡು ಸಾಲುವುದಿಲ್ಲ.

ಕೊಂದೆನೇ ಅಂತ ಕೇಳಿದ್ದೀರಿ. ಸಾಯುವಷ್ಟೇ ಆಗಿತ್ತು. ಹೋದ ವರ್ಷ ಮನೆಗೆ ಹಿಂದಿರುಗಿದ ಮೇಲೆ ಸ್ತೋತ್ರ ಹೇಳೋಣ ಅಂತ ಚೊಂಬು ಎತ್ತಿದರೆ ಕಿವಿಯಲ್ಲಿ ಮೈಕು ಕುಯ್ಯ್ ಅಂತಿತ್ತು. ಮಣ್ಣಿನ ವಾಸನೆ ಬಂದರೆ, ಇದನ್ನು ಆ ಪೆಂಡಾಲಿನವರೆಲ್ಲ ಮೂಸಿ ಬಿಟ್ಟಿದ್ದಾರೆ ಅನಿಸುತ್ತಿತ್ತು. ನಮ್ಮವರು ಮಜ್ಜಿಗೆ ಕುಡಿದರೆ ಮುಖ ತಿರುಗಿಸಿಕೊಳ್ಳುತ್ತಿದ್ದೆ. ಅವರೂ ಈಗ ನನ್ನೆದುರು ಮೀಸೆ ಒರೆಸಿಕೊಳ್ಳುವುದಿಲ್ಲ. ಯಾರೋ ಹೇಳಿರಬೇಕು. ನೀವು ತೆಗೆದುಕೊಂಡು ಹೋದದ್ದರಲ್ಲಿ ಅದೂ ಒಂದು, ತಿಳಿದಿರಲಿ.

ಯೇಸಪ್ಪನ ಮೇಲೂ ಸಿಟ್ಟು ಮಾಡಿಕೊಂಡಿದ್ದೆ. ನಿಮ್ಮವನು ಅಂತ. ಚಳಿಗಾಲವೆಲ್ಲ ಮಾತು ಬಿಟ್ಟೆ. ಆಮೇಲೆ ಒಂದು ದಿನ ಸಸಿಗಳಿಗೆ ನೀರು ಹಾಕುವಾಗ ಅನಿಸಿತು, ಅವನನ್ನೂ ಜೊತೆಯಲ್ಲಿ ತಿಂದವನೇ ಹಿಡಿದುಕೊಟ್ಟದ್ದಲ್ಲವೇ, ನನ್ನ ಸಂಕಟ ಅವನಿಗೆ ಹೊಸದಲ್ಲ. ನೀವು ಹೇಳಿದ ಕಥೆಗಳಲ್ಲಿ ಅದನ್ನು ನೀವು ಬೇಗ ಬೇಗ ದಾಟಿಸುತ್ತಿದ್ದಿರಿ. ಅದೊಂದೇ ನನ್ನ ಕೈ ಹಿಡಿಯಿತು.

ಇನ್ನು ಸಂಡಿಗೆ. ಈ ವರ್ಷ ಬೀದಿಯ ಹೆಂಗಸರು ಬರಲಿಲ್ಲ. ಅವರವರ ಅಂಗಳದಲ್ಲೇ ಇಟ್ಟುಕೊಂಡರು. ನಾನೂ ಈ ಸಲ ಬೇಡ ಅಂದುಬಿಟ್ಟಿದ್ದೆ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಅತ್ತೆ ಹಿಟ್ಟು ತೊಳಸಿ ಇಳಿಸಿದ್ದಾರೆ. ತಾರಸಿ ಮೇಲೆ ಸೀರೆ ಹಾಸಿ, ನಾಲ್ಕು ಮೂಲೆಗೂ ಕಲ್ಲು ಇಟ್ಟು ಕೂಗಿದರು: "ಬಾ ಕಣಮ್ಮಿ, ಇಟ್ಟು ಆರೋಯ್ತದೆ, ಒತ್ತು. ಕಾಗೆ ನಾನ್ ನೋಡ್ಕತೀನಿ." ಕೋಲು ಹಿಡಿದು ಕೂತರು. ಹೋದ ವರ್ಷ ಕೂತಿದ್ದ ಜಾಗದಲ್ಲೇ. ಆದರೆ ಮುಖ ಮೆಟ್ಟಿಲ ಕಡೆಗೆ, ಬೆನ್ನು ಮೂಲೆಯ ಕಡೆಗೆ. ಯಾರೂ ಮೇಲೆ ಬರದ ಹಾಗೆ ಕಾವಲು ಕೂತ ಹಾಗೆ. ಅವರ ಬೆನ್ನು ನೋಡಿ ನನಗೆ ಅಳು ಬಂತು.

ನಿಮ್ಮನ್ನು ಕ್ಷಮಿಸಿದ್ದೇನೆ. ಇದು ನೀವು ಹೇಳಿಕೊಟ್ಟ ಹಾಗೆ ಬಾಯಿ ಮಾತಿನ ಕ್ಷಮೆಯಲ್ಲ. ನೀವು ಮೊದಲ ಸಲ ಕಣ್ಣು ಮುಚ್ಚಿದ್ದನ್ನು ನೋಡದಿದ್ದರೆ ನನಗೆ ಅವನು ಗೊತ್ತೇ ಆಗುತ್ತಿರಲಿಲ್ಲ, ಆ ಋಣ ಇದೆ. ಕೋಟೆಯಲ್ಲಿ ಕಾಯಿಲೆ ಬಿದ್ದರೆ ಹೇಳಿ ಕಳಿಸಿ, ಗಂಜಿ ಬೇಯಿಸಿ ಹಾಕಲು ಬರುತ್ತೇನೆ. ಆದರೆ ನನ್ನ ಮನಸ್ಸಿನ ಮಾತು ಇನ್ನು ನಿಮಗೆ ಬರುವುದಿಲ್ಲ. ಕ್ಷಮಿಸುವುದು ಬೇರೆ, ನಂಬುವುದು ಬೇರೆ. ನನಗೆ ಇದನ್ನು ಕಲಿಸಿದವರೂ ನೀವೇ.

ಈ ಕಾಗದವನ್ನು ಅಂಟಿಸುವ ಮೊದಲು ಅತ್ತೆಗೆ ಓದಿ ಹೇಳಿದೆ. ಒಂದು ಸಾಲೂ ಹಾರಿಸಲಿಲ್ಲ. ಅವರ ಬಗ್ಗೆ ಬಂದಾಗ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡರು. ಮುಗಿದ ಮೇಲೆ, "ಮೂಲೇಲಿ ಏನೊತ್ದೆ ಅಂತ ಬರೀಲೇ ಇಲ್ವಲ್ಲ?" ಅಂದರು.

"ಬರಿಯಲ್ಲ ಅತ್ತೆ" ಅಂದೆ.

"ಬುಡು ಅಂಗಾರೆ" ಅಂದರು. "ಅಂಟ್ಸು."

ಪ್ರಮೀಳಾ